ಕಮಾನು ಸೇತುವೆಯ ಮೇಲೆ ಆಂಟಿ

ಸ್ಟೇರಿಂಗ್ ಹಿಡಿದಾಗ ಆಂಟಿಯ ಬೆರಳ ಗೆಣ್ಣುಗಳು ಬೆಳ್ಳಗಾಗುತ್ತಿದ್ದವು. ಎತ್ತರದ ಆಳು, ದೊಡ್ಡ ದನಿ. ಔಷಧದಂಗಡಿಯಲ್ಲಿ ರೇಗಾಡುವ ಗಿರಾಕಿಗಳನ್ನು ಒಂದು ನೋಟದಲ್ಲೇ ಕೂರಿಸುತ್ತಿದ್ದ ಫಾರ್ಮಸಿಸ್ಟ್. ಆದರೆ ನ್ಯೂಜಿಲೆಂಡಿನ ನಮ್ಮೂರು ಟೌರಂಗಾದ ಹಾರ್ಬರ್ ಬ್ರಿಜ್ ಕಡೆಯ ತಿರುವು ಬಂದರೆ ಸಾಕು, ಕಾರು ತಾನಾಗಿ ಬೇರೆ ದಾರಿ ಹಿಡಿಯುತ್ತಿತ್ತು. ಆಚೆ ದಡದ ಮೌಂಟ್ ಎಂಬ ಬಡಾವಣೆಯಲ್ಲಿ ನಮ್ಮ ಕನ್ನಡದವರ ಯುಗಾದಿ ಊಟ ಇದ್ದರೆ ವೆಲ್ಕಮ್ ಬೇ ಎಂಬ ಕೊಲ್ಲಿಯ ದಂಡೆ ಬಳಸಿಕೊಂಡು ಹೋಗಿ, ಎಲೆ ತೆಗೆಯುವ ಹೊತ್ತಿಗೆ ತಲುಪುತ್ತಿದ್ದೆವು. ಆ ದಾರಿಯಲ್ಲಿ ಸಿಗುವ ಸಣ್ಣಪುಟ್ಟ ಮೋರಿಗಳನ್ನು ಸೇತುವೆಗಳೆಂದು ಅವರು ಒಪ್ಪುತ್ತಿರಲಿಲ್ಲ.

ಸೇತುವೆಯ ಭಯಕ್ಕೆ ಕಾರಣವೇನೆಂದು ಒಮ್ಮೆ ಕೇಳಿದ್ದೆ. "ಕಾರಣ ಗೊತ್ತಿದ್ರ ಔಷಧ ನಾನ ಕೊಟ್ಕೋತಿದ್ದೆ, ತಂಗಿ" ಎಂದಿದ್ದರು.

ದೂರದ ಈಸ್ಟ್ ತಮಾಕಿ ಎಂಬಲ್ಲಿದ್ದ ಗಂಡನ ಮನೆ ಬಿಟ್ಟು ಬಂದು, ಟೌರಂಗಾದ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಹಿಡಿದಾಗ ನನಗೆ ಕೋಣೆ ಕೊಟ್ಟವರು ಅವರು. ಗದಗದ ಮುಸ್ಲಿಂ ಮನೆತನ, ಮನೆಮಾತು ಕನ್ನಡವೇ. ಗಂಡ ತೀರಿಕೊಂಡ ಮೇಲೆ ಎಳೆಯ ಮಗಳನ್ನು ಕಟ್ಟಿಕೊಂಡು ನ್ಯೂಜಿಲೆಂಡಿಗೆ ಬಂದು, ಇಲ್ಲಿ ಮತ್ತೆ ಪರೀಕ್ಷೆಗಳನ್ನು ಕಟ್ಟಿ ಪಾಸಾಗಿದ್ದರು. ನಾನು ಬಾಡಿಗೆಗೆ ಇದ್ದದ್ದು ಆ ಮಗಳ ಕೋಣೆಯಲ್ಲಿ. ಇಂಗ್ಲಿಷ್ ಕಲಿಸಲು ಜಪಾನಿಗೆ ಹೋದ ಅವಳು ಅಲ್ಲಿಯ ಮೇಷ್ಟ್ರೊಬ್ಬರನ್ನು ಮದುವೆಯಾಗಿ, ಆಮೇಲೆ ತಾಯಿಗೆ ತಿಳಿಸಿದ್ದಳು. "ಇನ್ನ ನನಗ ಮಗಳಿಲ್ಲ" ಎಂದು ಆಂಟಿ ಫೋನ್ ಇಟ್ಟಿದ್ದರು. ಅಲ್ಲಿಂದ ಮಾತು ನಿಂತಿತ್ತು. ಕೋಣೆಯ ಗೋಡೆಯ ಮೇಲಿದ್ದ ಅವಳ ಈಜಿನ ಪದಕಗಳನ್ನು ಮಾತ್ರ ತೆಗೆಯಲು ನನಗೆ ಬಿಟ್ಟಿರಲಿಲ್ಲ.

ಎರಡು ಸಾವಿರದ ದಶಕದ ಕೊನೆಯ ಒಂದು ವಸಂತದಲ್ಲಿ, ಚಪಾತಿ ಲಟ್ಟಿಸುತ್ತಾ ಇದ್ದಕ್ಕಿದ್ದಂತೆ, "ರಜಾ ಭಾಳ ಉಳದಾವ. ಜಪಾನ ನೋಡಿ ಬರೂಣು, ನೀನೂ ಬಾ" ಎಂದರು. ಮಗಳ ಹೆಸರೆತ್ತಲಿಲ್ಲ. ನಾನೂ ಎತ್ತಲಿಲ್ಲ. ಕೋಣೆಯಲ್ಲಿ ಸಿಕ್ಕ ವಿಳಾಸ ಹಿಡಿದು ಗುಟ್ಟಾಗಿ ಮಗಳಿಗೆ ಇಮೇಲ್ ಮಾಡಿದೆ. ಅವಳಿದ್ದದ್ದು ಇವಾಕುನಿ ಎಂಬ ಹಳೆಯ ಕೋಟೆಯೂರಿನಲ್ಲಿ. ಮನೆ ನದಿಯ ಆಚೆ, ಕೋಟೆಗುಡ್ಡದ ಬುಡದಲ್ಲಿ. ಈಚೆ ದಡದ ಬಸ್‌ಸ್ಟಾಪಿಗೆ ತಾನೇ ಬರುತ್ತೇನೆಂದು ಒಂದೇ ಸಾಲಿನಲ್ಲಿ ಉತ್ತರ ಬರೆದಳು. ಇದನ್ನು ಆಂಟಿಗೆ ಹೇಳಿದಾಗ "ಬಂದ್ರ ಬರ್ಲಿ" ಎಂದರು.

ನಾವು ಬಸ್ಸಿಳಿದಾಗ ಅಲ್ಲಿ ಯಾರೂ ಇರಲಿಲ್ಲ. ಎದುರಿಗೆ ಸೇತುವೆ. ಕಲ್ಲಿನ ಕಂಬಗಳ ಮೇಲೆ ಐದು ಮರದ ಕಮಾನುಗಳು ಒಂದರ ಹಿಂದೊಂದು ಎದ್ದು ಬಿದ್ದು ಹೋಗಿದ್ದವು. ನಡುವಿನವು ಒಂಟೆಯ ಡುಬ್ಬದ ಹಾಗೆ ಕಡಿದಾಗಿದ್ದು, ಹತ್ತಲು ಮೆಟ್ಟಿಲುಗಳಿದ್ದವು. ತಿಳಿನೀರಿನ ತಳದಲ್ಲಿ ಬೆಣಚುಕಲ್ಲುಗಳು ಕಾಣುತ್ತಿದ್ದವು. ಪ್ರವಾಸಿಗಳು ಟಿಕೆಟ್ ಕೊಂಡು ನಗುತ್ತಾ ಹತ್ತಿಳಿಯುತ್ತಿದ್ದರು. ಆಂಟಿ ಸೇತುವೆಗೆ ಬೆನ್ನು ಮಾಡಿ ಬೆಂಚಿನ ಮೇಲೆ ಕೂತರು.

ಬಹಳ ಹೊತ್ತು ಕಾದೆವು. ಕೊನೆಗೆ ಎದ್ದು ನೋಡಿದಾಗ ಆಚೆ ದಡದಲ್ಲಿ, ಸೇತುವೆಯ ತುದಿಯಲ್ಲಿ, ದೊಗಳೆ ಕೋಟು ತೊಟ್ಟ ಒಬ್ಬಳು ನಿಂತಿರುವುದು ಕಂಡಿತು. ಬರುತ್ತಲೂ ಇಲ್ಲ, ಹೋಗುತ್ತಲೂ ಇಲ್ಲ.

"ಅವಳೇ ಇರಬಹುದಾ ಆಂಟಿ?" ಎಂದೆ.

ತಿರುಗಿ ನೋಡಿದರು. "ಅಕೀನ. ಸಣ್ಣಾಕಿ ಇದ್ದಾಗ್ಲಿಂದ ಒಂದ ಕಾಲ ಮ್ಯಾಲೆ ಭಾರ ಹಾಕಿ ನಿಂದರ್ತಾಳ."

ದುಪಟ್ಟಾ ಸೊಂಟಕ್ಕೆ ಬಿಗಿದು ಸೇತುವೆಯತ್ತ ನಡೆದರು. ನಾನು ಟಿಕೆಟ್ ಕೊಂಡು ಹಿಂದೆ ಓಡಿದೆ.

ಮೊದಲ ಕಮಾನು ದಾಟಿದರು. ಎರಡನೆಯದರ ನೆತ್ತಿ ಮುಟ್ಟುತ್ತಲೇ ಕಾಲು ನಿಂತುಬಿಟ್ಟಿತು. ಪಕ್ಕದ ಕಟಾಂಜನವನ್ನು ತಬ್ಬಿ ಹಾಗೆಯೇ ಹಲಗೆಯ ಮೇಲೆ ಕುಸಿದು ಕೂತರು. ಹಣೆಯಲ್ಲಿ ಬೆವರು. ಶಾಲೆಯ ಮಕ್ಕಳ ಸಾಲೊಂದು ನಮ್ಮನ್ನು ಬಳಸಿಕೊಂಡು ಸದ್ದಿಲ್ಲದೆ ಹೋಯಿತು. ಏನು ಮಾಡಲಿ ಎಂದು ನಾನು ಸುತ್ತ ನೋಡುತ್ತಿರುವಾಗ ಮುಂದಿನ ಕಮಾನಿನ ಮೇಲೆ ಮಗಳು ಕಾಣಿಸಿಕೊಂಡಳು. ಗಾಳಿಗೆ ಕೋಟು ಹಾರಿತ್ತು. ತುಂಬಿದ ಬಸುರಿ. ನಮ್ಮನ್ನು ಕಂಡವಳೇ ಮೆಟ್ಟಿಲು ಓಡುತ್ತಾ ಇಳಿಯತೊಡಗಿದಳು.

"ಓಡಬ್ಯಾಡ!" ಆಂಟಿಯ ಕೂಗಿಗೆ ಇಡೀ ಸೇತುವೆ ತಿರುಗಿ ನೋಡಿತು. "ಸಾವಕಾಶ ಬಾ! ಮೆಟ್ಲ ಅದಾವ!"

ಅಂದು ಫೋನ್ ಇಟ್ಟ ಮೇಲೆ ಮಗಳಿಗೆ ಅವರು ಆಡಿದ ಮೊದಲ ಮಾತು ಅದು.

ಅವಳು ಬಂದು ಪಕ್ಕದಲ್ಲಿ ಕೂತಳು. "ಐ ಯಾಮ್ ಓಕೆ, ಮಮ್" ಎಂದಳು. ಆಂಟಿ ಅವಳ ಮುಖ ನೋಡದೆ ನನ್ನನ್ನು ಕೇಳಿದರು: "ಎಷ್ಟ ತಿಂಗಳಂತ ಕೇಳು ಅಕಿನ್ನ."

"ಸೆವೆನ್" ಎಂದಳು ಮಗಳು, ಅವಳೂ ನನ್ನ ಕಡೆಗೇ ನೋಡಿ. ಆಮೇಲೆ ಇಬ್ಬರೂ ಅತ್ತರು. ನಾನು ನೀರಿನ ಕಡೆ ನೋಡುತ್ತಾ ನಿಂತೆ.

ತಾಯಿ ಇನ್ನೂ ಕಟಾಂಜನ ಬಿಡದಿರುವುದನ್ನು ಕಂಡು ಮಗಳು ತಡವರಿಸುತ್ತಾ ಕನ್ನಡದಲ್ಲಿ ಹೇಳಿದಳು: "ಅವ್ವಾ, ಹೊಳ್ಳಿ ಹೋಗೂಣು."

"ಹೊಳ್ಳಿ ಹೋಗಾಕ ಬಂದಿಲ್ಲ ನಾ. ನಿನ್ನ ಮನಿ ಯಾವ ದಂಡಿಗೈತಿ?"

ಮಗಳು ಆಚೆಗೆ ಕೈ ತೋರಿಸಿದಳು. ಆಂಟಿ ಎದ್ದರು. ಕಣ್ಣು ಮುಚ್ಚಿ, ಒಂದು ಕೈ ಕಟಾಂಜನದ ಮೇಲೆ, ಇನ್ನೊಂದು ನನ್ನ ಭುಜದ ಮೇಲೆ. ಬಸುರಿಯ ಮೇಲೆ ಭಾರ ಹಾಕಬಾರದೆಂದು ಅವಳನ್ನು ಮುಂದೆ ನಡೆಸಿದರು. ಉಳಿದ ಕಮಾನುಗಳನ್ನೆಲ್ಲ ಹಾಗೆಯೇ ದಾಟಿದರು. ನನ್ನ ಭುಜದ ಮೇಲೆ ಅವರ ಬೆರಳಿನ ಗುರುತು ವಾರವಿಡೀ ಇತ್ತು.

ಅಳಿಯ ಅನ್ನ, ಮೀನು ಮಾಡಿಟ್ಟಿದ್ದ. ಅಡುಗೆಗೆ ಹೆಂಡ ಬೆರೆಸಿಲ್ಲವೆಂದು ತೋರಿಸಲು ಮನೆಯಲ್ಲಿದ್ದ ಸಾಸ್ ಬಾಟಲಿಗಳನ್ನೆಲ್ಲ ತಂದು ಆಂಟಿಯ ಮುಂದೆ ಸಾಲಾಗಿ ಇಟ್ಟು, ಮಂಡಿಯೂರಿ ಕೂತ. ಆಂಟಿ ಕನ್ನಡಕ ಹಾಕಿಕೊಂಡು ಒಂದೊಂದೇ ಲೇಬಲನ್ನು ಗಂಭೀರವಾಗಿ ನೋಡಿ ತಲೆಯಾಡಿಸಿದರು. ಆಮೇಲೆ ನನ್ನ ಕಿವಿಯಲ್ಲಿ, "ಒಂದಕ್ಷರ ತಿಳೀಲಿಲ್ಲ. ಹುಡುಗ ಸುಳ್ಳ ಹೇಳಂಗ ಕಾಣೂದಿಲ್ಲ, ಉಣ್ಣು" ಎಂದರು.

ಅಲ್ಲಿಂದ ಬಂದ ಮೇಲೂ ಅವರು ಹಾರ್ಬರ್ ಬ್ರಿಜ್ ಹತ್ತಲಿಲ್ಲ. ಅಷ್ಟು ಕಡಿದಾದ ಸೇತುವೆ ದಾಟಿದವರು ಇದನ್ನೇಕೆ ದಾಟಬಾರದೆಂದರೆ, "ಅಲ್ಲಿ ನನ್ನೋರು ಯಾರದಾರ?" ಎನ್ನುತ್ತಿದ್ದರು.

ಕೆಲವು ವರ್ಷಗಳ ನಂತರ, ಒಂದು ಚಳಿಗಾಲದಲ್ಲಿ ಅವರ ಹೃದಯ ನಿಂತಿತು. ಮೊಮ್ಮಗನನ್ನು ಎತ್ತಿಕೊಂಡು ಮಗಳು, ಅಳಿಯ ಬರುವ ಹೊತ್ತಿಗೆ ಮಣ್ಣು ಮುಗಿದಿತ್ತು.

ಗಂಡನನ್ನು ಬಿಟ್ಟೆನೆಂದು ಮೈಸೂರಿನಲ್ಲಿ ಅಮ್ಮ ನನ್ನ ಫೋನ್ ಎತ್ತುವುದನ್ನೇ ಬಿಟ್ಟಿದ್ದಳು. ಅವಳಾಗಿ ಕರೆಯಲಿ ಎಂದು ನಾನೂ ಹಟ ಹಿಡಿದಿದ್ದೆ. ಆಂಟಿ ಅದರ ಬಗ್ಗೆ ನನಗೆ ಯಾವತ್ತೂ ಬುದ್ಧಿ ಹೇಳಿದವರಲ್ಲ. ಅವರು ತೀರಿಕೊಂಡ ವರ್ಷವೇ ಮೈಸೂರಿಗೆ ಟಿಕೆಟ್ ಮಾಡಿಸಿದೆ, ಯಾರಿಗೂ ತಿಳಿಸದೆ. ಅಮ್ಮ ಬಾಗಿಲು ತೆರೆದಳು. ಒಳಗೆ ಬಾ ಎನ್ನಲಿಲ್ಲ, ಬಾಗಿಲು ಮುಚ್ಚಲೂ ಇಲ್ಲ. ನಾನು ಚಪ್ಪಲಿ ಬಿಟ್ಟು ಒಳಗೆ ಹೋದೆ.