ಬಿಟ್ಟು ಓದಿದ ಸಾಲು

ನನ್ನ ತಂಗಿಯ ಮನೆಯ ಕಂಪ್ಯೂಟರಿಗೆ ಹೊದಿಸಲು ಒಂದು ಇಳಕಲ್ಲ ಸೀರೆಯಿತ್ತು. ನೇಯುವಾಗ ದಡಿ, ಅಂದರೆ ಅಂಚು, ಕೆಟ್ಟು ಮಾರಲು ಬಾರದ ಸೀರೆ, ನಿಜ, ಆದರೂ ಸೀರೆಯೇ. ಆ ವರ್ಷ ನಾನು ಒಂದೂ ಹೊಸ ಸೀರೆ ಉಟ್ಟಿರಲಿಲ್ಲ. ರವಿವಾರ ಹುನಗುಂದದಿಂದ ಬಸ್ಸು ಹಿಡಿದು ಹೋಗಿ, ಅವಳು ಹೇಳಿದಂತೆ ಚಪ್ಪಲಿ ಕಳಚಿ, ಕಾಲು ತೊಳೆದು ಆ ಕೋಣೆಗೆ ಕಾಲಿಟ್ಟರೆ, ಪೆಟ್ಟಿಗೆ ತಲೆ ತುಂಬ ಸೆರಗು ಹೊದ್ದುಕೊಂಡು ಹೊಸ ಸೊಸೆಯ ಹಾಗೆ ಕೂತಿರುತ್ತಿತ್ತು. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಸುತ್ತಿ ಬಳಸಿ ಹೇಳುವುದೇಕೆ?

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಹುನಗುಂದದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಿದ್ದೆ. ಬೇವೂರಿನ ನಮ್ಮ ತವರಿನಲ್ಲಿ ಶಾಣ್ಯಾಕಿ ಎಂದರೆ ನಾನು. ಬಹುಮಾನ, ಬಿ.ಎಸ್ಸಿ., ಬಂದವರೆದುರು ಇಂಗ್ಲಿಷ್ ಪೇಪರು ಓದಿ ತೋರಿಸುವುದು, ಎಲ್ಲವೂ ನನ್ನ ಪಾಲಿಗೆ. ತಂಗಿ ಹತ್ತನೆಯ ಇಯತ್ತೆಯಲ್ಲಿ ಗಣಿತ ಮತ್ತು ಇಂಗ್ಲಿಷ್ ಎರಡರಲ್ಲೂ ಡುಮ್ಕಿ ಹೊಡೆದು ಮನೆಯಲ್ಲಿ ಕೂತವಳು. ಇಳಕಲ್ಲಿನ ಸೀರೆ ವ್ಯಾಪಾರದ ಮನೆಯಿಂದ ಗಂಡು ನೋಡಲು ಬಂದದ್ದು ನನ್ನನ್ನು, ಒಪ್ಪಿಕೊಂಡದ್ದು ಅವಳನ್ನು. ಅದನ್ನು ಹೇಗೋ ನುಂಗಿಕೊಂಡಿದ್ದೆ. ಕಂಪ್ಯೂಟರನ್ನು ನುಂಗಿಕೊಳ್ಳಲು ಆಗಲಿಲ್ಲ.

ಅದನ್ನು ತಂದದ್ದು ಅವಳ ಗಂಡ. ತಂದವನಿಗೆ ಅದರ ಮುಂದೆ ಕೂಡುವ ತಾಳ್ಮೆಯಿರಲಿಲ್ಲ. ಇವಳು ಕೂತಳು. ಅದರಲ್ಲಿ ಡಾಸ್ ಎಂಬ ಒಂದು ವ್ಯವಸ್ಥೆಯಿತ್ತು. ಯಂತ್ರವನ್ನು ಎಬ್ಬಿಸಿ ಕೆಲಸಕ್ಕೆ ಹಚ್ಚುವುದು ಅದೇ. ಅದರ ಆಜ್ಞೆಗಳನ್ನು ತಂಗಿ ರಂಗೋಲಿ ಕಲಿತಂತೆ ಕಣ್ಣಿನಿಂದಲೇ ಕಲಿತಳು, ಕಾಗುಣಿತ ಕೇಳಿದರೆ ಹೇಳಲು ಬರುತ್ತಿರಲಿಲ್ಲ. ಎಂಟು ತಿಂಗಳಲ್ಲಿ ಪರದೆಯ ಮೇಲೆ ಚುಕ್ಕಿ ಚುಕ್ಕಿ ಕೂಡಿಸಿ ಸೀರೆಯ ದಡಿಗಳ ಹೊಸ ಹೊಸ ನಮೂನೆ ಬಿಡಿಸಿದಳು. ಅವಳ ಮಾವನವರು ಗ್ರಾಫ್ ಹಾಳೆಯ ಮೇಲೆ ವಾರಗಟ್ಟಲೆ ತಿದ್ದುತ್ತಿದ್ದುದನ್ನು ಇವಳು ಒಂದು ಹೊತ್ತಿನಲ್ಲಿ ಮುಗಿಸುತ್ತಿದ್ದಳು. ಅವಳನ್ನು ಸಣ್ಣವ್ವ ಎಂದು ಕರೆಯುತ್ತಿದ್ದ ನೇಕಾರರು ಮನೆಗೇ ಬಂದು, ಇದು ಸಣ್ಣವ್ವನ ದಡಿ ಹೌದಲ್ಲರಿ ಎಂದು ಕೇಳಿ ಒಯ್ಯುವಂತಾಯಿತು. ಆ ಮಾತು ಕಿವಿಗೆ ಬಿದ್ದಾಗೆಲ್ಲ ನಾನು ನೀರು ಕುಡಿಯುವ ನೆಪದಲ್ಲಿ ಏಳುತ್ತಿದ್ದೆ.

ಆ ಕೋಣೆಯಲ್ಲಿ ನನಗೆ ಉಳಿದ ಮರ್ಯಾದೆ ಒಂದೇ, ಇಂಗ್ಲಿಷ್. ಯಂತ್ರ ಏನಾದರೂ ಹೊಸದನ್ನು ಕೇಳಿದರೆ ತಂಗಿ ರವಿವಾರದವರೆಗೆ ಕಾಯುತ್ತಿದ್ದಳು. ನನಗಾಗಿಯೇ ಅಡಿಗೆಮನೆಯಿಂದ ಒಂದು ಕುರ್ಚಿ ತಂದು ತನ್ನ ಕುರ್ಚಿಯ ಬದಿಗೆ ಹಾಕುತ್ತಿದ್ದಳು. ನಾನು ಪುಸ್ತಕ ಹಿಡಿದು, ಶಾಲೆಯ ದನಿ ತೆಗೆದು, ಒಂದೊಂದೇ ಸಾಲು ಓದಿ ಕನ್ನಡದಲ್ಲಿ ಹೇಳುತ್ತಿದ್ದೆ. ಆ ಒಂದು ತಾಸು ನಾನು ಮತ್ತೆ ಬೇವೂರಿನ ಶಾಣ್ಯಾಕಿ ಆಗುತ್ತಿದ್ದೆ.

ಒಂದು ಸಲ ಅವಳ ಗಂಡನ ತಲೆಗೆ ಎರಡನೆಯ ವ್ಯವಸ್ಥೆಯ ವಿಚಾರ ಹೊಕ್ಕಿತು. ಯುನಿಕ್ಸ್ ಎಂಬುದನ್ನು ಹಾಕಿಕೊಂಡರೆ ಒಂದೇ ಯಂತ್ರದ ಮೇಲೆ ಇಬ್ಬರು ಏಕಕಾಲಕ್ಕೆ ಕೆಲಸ ಮಾಡಬಹುದು, ಯಾರ ಮಗ್ಗದ ಮೇಲೆ ಯಾವ ಬಣ್ಣ ಇದೆ ಎಂದು ಅಂಗಡಿಯಲ್ಲೇ ಕೂತು ನೋಡಬಹುದು ಎಂದು ಹುಬ್ಬಳ್ಳಿಯಲ್ಲಿ ಯಾರೋ ಹೇಳಿದ್ದರು. ಆದರೆ ದಡಿ ಬಿಡಿಸುವ ಕೆಲಸ ನಡೆಯುವುದು ಡಾಸಿನಲ್ಲಿ. ಅಂದರೆ ಎರಡೂ ಬೇಕು. ಯಂತ್ರದೊಳಗೆ ಎಲ್ಲವನ್ನೂ ಕಾಪಿಡುವ ಒಂದೇ ಡಿಸ್ಕನ್ನು ಎರಡು ಭಾಗ ಮಾಡಿ, ಇದಕ್ಕೊಂದು ಅದಕ್ಕೊಂದು ಕೊಟ್ಟು, ಬೇಕಾದಾಗ ಬೇಕಾದದ್ದನ್ನು ಎಬ್ಬಿಸಬೇಕು. ಗುರುವಾರ ಯುನಿಕ್ಸ್ ತುಂಬಿದ ಒಂದು ಕಟ್ಟು ಫ್ಲಾಪಿ, ಒಂದು ದಪ್ಪ ಪುಸ್ತಕ ಬಂದವಂತೆ. ಅಕ್ಕ ಬರಲಿ ಎಂದು ತಂಗಿ ತೆಗೆದಿಟ್ಟಿದ್ದಳು.

ರವಿವಾರ ಮಧ್ಯಾಹ್ನ ಊಟವಾದ ಮೇಲೆ ಕೂತೆವು. ಅವಳ ಅತ್ತೆ ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತಿದ್ದರು. ನಾನು ಓದಿದೆ, ಅವಳು ಒತ್ತಿದಳು. ಮೂರನೆಯ ಪುಟದಲ್ಲಿ ಕಪ್ಪು ಚೌಕಟ್ಟಿನೊಳಗೆ ಒಂದು ಸಾಲಿತ್ತು: ಡಿಸ್ಕನ್ನು ಹೊಸದಾಗಿ ಭಾಗ ಮಾಡಿದರೆ ಅದರಲ್ಲಿ ಈಗಿರುವುದೆಲ್ಲ ಅಳಿಸಿಹೋಗುತ್ತದೆ, ಮೊದಲು ನಕಲು ತೆಗೆದಿಟ್ಟುಕೊಳ್ಳಿ.

ನಾನು ಆ ಸಾಲನ್ನು ಬಿಟ್ಟೆ.

ಕಣ್ತಪ್ಪಿ ಅಲ್ಲ. ಎರಡು ಸಲ ಓದಿ, ಎಂಟು ತಿಂಗಳ ದಡಿಗಳು, ಸಣ್ಣವ್ವನ ದಡಿಗಳು ಎಂದುಕೊಂಡು, ಕೆಳಗಿನ ಸಾಲಿಗೆ ಬೆರಳು ಇಳಿಸಿದೆ. ಅದೇ ಶಾಲೆಯ ದನಿಯಲ್ಲಿ ಮುಂದಿನದನ್ನು ಓದಿದೆ. ತಂಗಿ ಭಾಗ ಮಾಡುವ ಆಜ್ಞೆ ಕೊಟ್ಟಳು. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಅದೇ ಎಚ್ಚರಿಕೆ ಮೂಡಿ, ಕೊನೆಗೆ ಒಂದು ಪ್ರಶ್ನೆ ಬಂತು. ಅವಳು ನನ್ನ ಕಡೆ ತಿರುಗಿದಳು.

"ಏನ್ ಕೇಳಾಕತ್ತೈತಿ ಅಕ್ಕಾ?"

"ಮುಂದ ಹೋಗ್ಲ್ಯಾ ಅಂತ ಕೇಳಾಕತ್ತೈತಿ," ಎಂದೆ.

ಅದು ಸುಳ್ಳಲ್ಲ. ಕೊನೆಯ ಪ್ರಶ್ನೆ ಅದೇ ಇತ್ತು. ಎಷ್ಟೋ ವರ್ಷ ಈ ಮಾತನ್ನು ನನಗೆ ನಾನೇ ಹೇಳಿಕೊಂಡಿದ್ದೇನೆ. ತಂಗಿ ನನ್ನ ಮುಖವನ್ನು ಬೇಕಾದದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ನೋಡಿ, ಹೌದು ಎಂಬ ಕೀಲಿ ಒತ್ತಿದಳು.

ಒಂದು ಗಳಿಗೆ ನನಗೆ ಖುಷಿಯಾಯಿತು. ಆಮೇಲೆ ಮಾಡಿದ್ದೇನೆಂದು ಹೊಳೆಯಿತು. ಅವಳು ಕೆಲಸ ಮುಂದುವರಿಸಿದಳು. ಒಂದು ಭಾಗಕ್ಕೆ ಡಾಸ್ ಮತ್ತೆ ಹಾಕಿದಳು. ಇನ್ನೊಂದಕ್ಕೆ ಹೊಸದರ ಫ್ಲಾಪಿಗಳನ್ನು ನಂಬರಿನ ಪ್ರಕಾರ ಒಂದಾದ ಮೇಲೊಂದು ಉಣಿಸಿದಳು. ನಾನು ಈಗ ಒಂದಕ್ಷರ ಬಿಡದೆ ಓದುತ್ತಿದ್ದೆ, ಅಡಿಟಿಪ್ಪಣಿಗಳನ್ನು ಸಹ. ನಾಲ್ಕರ ಚಹಾದ ಹೊತ್ತಿಗೆ ಯುನಿಕ್ಸ್ ಎದ್ದು, ನೀ ಯಾರು ಎಂದು ಅವಳ ಹೆಸರು ಕೇಳಿತು. ಅತ್ತೆ ಬಂದು ಇಣುಕಿ ನೋಡಿ ಸೊಸೆಯ ನೆಟಿಗೆ ತೆಗೆದರು. ತಂಗಿ ಡಾಸಿನ ಭಾಗವನ್ನು ಮತ್ತೆ ಮುಂದೆ ಮಾಡಿ ಯಂತ್ರವನ್ನು ಎಬ್ಬಿಸಿ, ಪಟ್ಟಿ ತೋರಿಸೆಂದು ಅದಕ್ಕೆ ಆಜ್ಞೆ ಕೊಟ್ಟಳು. ಡಾಸಿನವೇ ಆದ ನಾಲ್ಕು ಹೆಸರು ಬಂದವು. ಅವಳ ದಡಿಗಳಲ್ಲಿ ಒಂದೂ ಇರಲಿಲ್ಲ.

ಅವಳು ಬಾಯಿ ಬಡಿದುಕೊಳ್ಳುತ್ತಾಳೆಂದು ಕಾಯುತ್ತಿದ್ದೆ. ಅವಳು ಎದ್ದು, ಕಪಾಟಿನಿಂದ ಒಂದು ತಗಡಿನ ಡಬ್ಬಿ ತಂದಳು. ಒಳಗೆ ಅರಿವೆಯಲ್ಲಿ ಸುತ್ತಿದ ಫ್ಲಾಪಿಗಳು. ಒಂದೊಂದರ ಮೇಲೂ ಅವಳ ದುಂಡಗಿನ ಕನ್ನಡ ಅಕ್ಷರ: ಗೋಮಿ ದಡಿ, ಪರಾಸ ದಡಿ, ಹೊಸಾವು.

"ನಮ್ಮ ಮಗ್ಗದ ಮ್ಯಾಲ ಹಳೇ ಹಾಸಿನ ಎಳಿ ಪೂರಾ ಕೊಯ್ಯೂದಿಲ್ಲಕ್ಕಾ," ಎಂದಳು. "ಎಳಿ ಪೋಣಿಸಿದ ಹಣಿಗಿ ಕಡೆ ಒಂದ್ ಗೇಣು ಬಿಟ್ಟಿರತೇವಿ. ಹೊಸಾ ಎಳಿ ಅದಕ್ಕ ತಿರುವಿ ಕೂಡಸ್ತೇವಿ. ಪೂರಾ ಕೊಯ್ದರ ಮತ್ತ ಮೊದಲಿಂದ ಒಂದೊಂದ ಎಳಿ ಪೋಣಿಸಬೇಕು."

ದಡಿಗಳು ಉಳಿದವೆಂದು ನನಗೆ ಉಸಿರು ಬಂತು. ಅಯ್ಯೋ, ಉಳಿದೇಬಿಟ್ಟವಲ್ಲ ಎಂದು ಹೊಟ್ಟೆಕಿಚ್ಚೂ ಆಯಿತು. ಎರಡೂ ಖರೆ. ನಕಲು ಯಾವಾಗ ತೆಗೆದೆ ಎಂದು ಕೇಳಿದೆ. ಶುಕ್ರವಾರ ಎಂದಳು. ಪುಸ್ತಕ ಬಂದದ್ದು ಗುರುವಾರ. ಆಗ ಕಪಾಟಿನಲ್ಲಿ ನನ್ನ ಹಳೆಯ ಇಂಗ್ಲಿಷ್-ಕನ್ನಡ ನಿಘಂಟು ಕಂಡಿತು. ನನಗೆ ಕಾಲೇಜಿನಲ್ಲಿ ಬಹುಮಾನ ಬಂದದ್ದು, ಅವಳ ಮದುವೆಯಲ್ಲಿ ಬೇರೇನು ಕೊಡಲೂ ಮನಸ್ಸಿಲ್ಲದೆ ಕೊಟ್ಟದ್ದು. ಅದರ ಹಾಳೆಗಳ ನಡುವೆ ಒಣಗಿದ ಬೇವಿನ ಕಡ್ಡಿಗಳ ಗುರುತುಗಳಿದ್ದವು.

"ಆ ಕರೇ ಚೌಕದಾಗಿನ ಸಾಲು ಇಡೀ ದಿನ ಕೂತು ಓದಿದ್ನಿ," ಎಂದಳು, ಫ್ಲಾಪಿಯ ಅರಿವೆ ಬಿಚ್ಚುತ್ತ. "ಬರೋಬ್ಬರಿ ಓದೀನೋ ಇಲ್ಲೋ, ನೀ ಓದಿದ ಮ್ಯಾಲ ತಿಳೀತೈತಿ ಅಂದ್ಕೊಂಡಿದ್ನಿ. ನೀ ಓದಲಿಲ್ಲ. ನಾನಽ ತಪ್ಪು ಓದೀನಿ, ಪುಸ್ತಕದಾಗ ಹಂಗೇನೂ ಬರ್ದಿಲ್ಲ ಅಂತ ಕೀಲಿ ಒತ್ತಿದೆ." ಮೊದಲ ಫ್ಲಾಪಿಯನ್ನು ಯಂತ್ರಕ್ಕೆ ಹಾಕಿದಳು. "ಈಗ ತಿಳೀತು. ನಾ ಸರಿ ಓದಿದ್ನಿ."

ಅದರಲ್ಲಿ ಸಿಟ್ಟಿರಲಿಲ್ಲ. ಪರೀಕ್ಷೆಯ ಫಲಿತಾಂಶ ಹೇಳಿದ ಹಾಗೆ ಹೇಳಿದಳು. ನಾನು ಐದರ ಬಸ್ಸಿಗೆ ಹುನಗುಂದಕ್ಕೆ ಹೊರಟೆ. ಅವಳು ಎಂದಿನಂತೆ ಬಾಗಿಲತನಕ ಬಂದು, ಮುಂದಿನ ವಾರ ಬಾ ಎಂದಳು.

ಮುಂದಿನ ವಾರ ಹೋದೆ. ನನ್ನ ಕುರ್ಚಿ ಅಡಿಗೆಮನೆಯಲ್ಲಿತ್ತು. ನನ್ನನ್ನು ಅದರ ಮೇಲೆ ಕೂಡಿಸಿ, ರೊಟ್ಟಿ, ಹೆರತುಪ್ಪ, ಶೇಂಗಾ ಚಟ್ನಿ ಬಡಿಸಿ, ಸ್ವಲ್ಪ ಕೆಲಸ ಐತಿ ಎಂದು ಅವಳು ಒಳಕೋಣೆಗೆ ಹೋದಳು. ಇಂಗ್ಲಿಷಿನ ಒಂದು ಸಾಲನ್ನು ತಡವರಿಸುತ್ತ ಗಟ್ಟಿಯಾಗಿ ಓದುವುದು ಕೇಳಿಸಿತು. ನಡುವೆ ಒಂದು ಶಬ್ದದ ಉಚ್ಚಾರ ತಪ್ಪಿದಳು. ತಿದ್ದಬೇಕೆಂದು ನನ್ನ ಬಾಯಿ ತಾನಾಗಿ ತೆರೆಯಿತು. ಅಷ್ಟರಲ್ಲಿ ಆ ಸಾಲಿನ ಅರ್ಥವನ್ನು ಅವಳು ಕನ್ನಡದಲ್ಲಿ ತನಗೆ ತಾನೇ ಹೇಳಿಕೊಂಡಳು. ಅರ್ಥ ಸರಿಯಾಗಿತ್ತು.