ಎಸ್ತೇರ್ ಹೊಲಿದ ಕೈಗವಸುಗಳು

ಫೆಬ್ರುವರಿಯ ಒಂದು ಭಾನುವಾರ ಬೆಳಿಗ್ಗೆ ಮೆಟುಚೆನ್ ಸ್ಟೇಷನ್ನಿನಲ್ಲಿ ನ್ಯೂಯಾರ್ಕಿನ ರೈಲು ಹತ್ತಿದೆ. ರಜೆಯ ದಿನ, ಬೋಗಿ ಅರ್ಧ ಖಾಲಿ. ಗಂಡನಿಂದ ಬೇರೆಯಾಗಿ ಒಬ್ಬಳೇ ಮನೆ ಮಾಡಿದ ಮೇಲೆ ನನಗೆ ಭಾನುವಾರಗಳನ್ನು ಕಳೆಯುವುದೇ ಕಷ್ಟ. ಹಾಗಾಗಿ ಶ್ರುತಿ ಕರೆದ ಕೂಡಲೇ ಒಪ್ಪಿದ್ದೆ. ಅವಳು ನಮ್ಮ ಆಫೀಸಿನವಳು. ತಂದೆತಾಯಿ ಮೈಸೂರಿನವರು, ಅವಳು ಹುಟ್ಟಿದ್ದು ಇಲ್ಲೇ. ಫೋರ್ಟ್ ಲೀಯಲ್ಲಿ ಅವಳ ಪಕ್ಕದ ಮನೆಯಲ್ಲಿ ಎಸ್ತೇರ್ ಎಂಬ ಅಜ್ಜಿ ಇದ್ದಾರೆ, ನೂರರ ಹತ್ತಿರ ವಯಸ್ಸು, ಎರಡನೇ ಮಹಾಯುದ್ಧದ ಕಾಲದಲ್ಲಿ ಪ್ಯಾರಿಸ್ಸಿನಲ್ಲಿ ಜರ್ಮನರಿಗೆ ಎದುರು ನಿಂತವರು ಎಂದಿದ್ದಳು.

ಪೆನ್ ಸ್ಟೇಷನ್ನಿನಿಂದ ಸಬ್‌ವೇ ಹಿಡಿದು ಮ್ಯಾನ್‌ಹಟನ್ನಿನ ಮೇಲ್ತುದಿಗೆ ಹೋದೆ. ಅಲ್ಲಿಂದ ಬಸ್ಸು ಜಾರ್ಜ್ ವಾಷಿಂಗ್ಟನ್ ಸೇತುವೆ ದಾಟಿತು. ಕೆಳಗೆ ಹಡ್ಸನ್ ನದಿಯ ಅಂಚಿನಲ್ಲಿ ಮಂಜುಗಡ್ಡೆ ತೇಲುತ್ತಿತ್ತು. ಫೋರ್ಟ್ ಲೀಯ ಸ್ಟಾಪಿನಲ್ಲಿ ಶ್ರುತಿ ಕಾಯುತ್ತಿದ್ದಳು.

"ನಂಗಿವತ್ತು ಆಫೀಸಿನ ಆನ್-ಕಾಲ್ ಡ್ಯೂಟಿ ಇದೆ ಅಕ್ಕ, ನೀವೇ ಮಾತಾಡ್ಸಿ. ಷಿ ಹ್ಯಾಸ್ ನೋಬಡಿ. ಫೋನ್ ಮಾಡೋರೂ ಯಾರೂ ಉಳ್ದಿಲ್ಲ," ಎಂದಳು. ಹದಿನಾರನೇ ಮಹಡಿಯಲ್ಲಿದ್ದ ಅವರ ಬಾಗಿಲವರೆಗೆ ಬಂದು, ಪರಿಚಯ ಮಾಡಿಸಿ ಹೋದಳು.

ಎಸ್ತೇರ್ ಪುಟ್ಟ ದೇಹದವರು. ಗಾಜಿನ ಲೋಟದಲ್ಲಿ ಚಹಾ, ಬೆಣ್ಣೆ ಸವರಿದ ಬ್ರೆಡ್ಡು ಕೊಟ್ಟರು. ನಾನು ಒಯ್ದಿದ್ದ ರವೆ ಉಂಡೆಯನ್ನು ಚಹಾದಲ್ಲಿ ಅದ್ದಿ ತಿಂದರು. ಆಮೇಲೆ ಮೇಜಿನ ಮೇಲಿದ್ದ ನನ್ನ ಕೈಗವಸನ್ನು ಒಳಮೈ ಹೊರಗೆ ತಿರುವಿ ಹೊಲಿಗೆ ನೋಡಿದರು. "ಇದು ಬಾಳಿಕೆ ಬರುತ್ತೆ," ಎಂದು ಇಂಗ್ಲಿಷಿನಲ್ಲಿ ಹೇಳಿದರು. "ನಾವು ಹೊಲಿದದ್ದು ಬರ್ತಿರಲಿಲ್ಲ."

ಅವರ ತಂದೆ ಪೋಲೆಂಡಿನಿಂದ ಪ್ಯಾರಿಸ್ಸಿಗೆ ವಲಸೆ ಬಂದ ಯಹೂದಿ ದರ್ಜಿ. ಒಂದು ಬೆಳಗಿನ ಜಾವ ಪೊಲೀಸರು ಬಂದು ತಂದೆತಾಯಿಯನ್ನು ಹಿಡಿದೊಯ್ದರು. ಎಸ್ತೇರ್ ಸೋದರತ್ತೆಯ ಮನೆಯಲ್ಲಿದ್ದದ್ದರಿಂದ ಉಳಿದರು. ಹೊಟ್ಟೆಪಾಡಿಗೆ ಸೇರಿದ್ದು ಜರ್ಮನ್ ಸೈನಿಕರಿಗೆ ಚರ್ಮದ ಕೈಗವಸು ಹೊಲಿಯುವ ಕಾರ್ಖಾನೆ. ಕೆಲಸಗಾರರೆಲ್ಲ ಅವರಂಥ ವಲಸಿಗ ಯಹೂದಿಗಳೇ. ಆ ಕೆಲಸವಿದ್ದಷ್ಟು ದಿನ ಅವರನ್ನು ಹಿಡಿಯುತ್ತಿರಲಿಲ್ಲ. ಪಕ್ಕದ ಮೆಷೀನಿನ ಫೇಗಾ ಎಂಬ ಗೆಳತಿ ಸಣ್ಣ ಸೀಸೆಯಲ್ಲಿ ಆಸಿಡ್ ತರುತ್ತಿದ್ದಳು. ಇಬ್ಬರೂ ಹೆಬ್ಬೆರಳಿನ ಹೊಲಿಗೆಯ ದಾರಕ್ಕೆ ಅದನ್ನು ಸವರುತ್ತಿದ್ದರು. ತಪಾಸಣೆಯಲ್ಲಿ ಹೊಲಿಗೆ ಗಟ್ಟಿಯಾಗಿರುತ್ತಿತ್ತು. ರಷ್ಯದ ಹಿಮದಲ್ಲಿ ಸೈನಿಕ ಕೈ ಮಡಚಿದಾಗ ಬಿಚ್ಚಿಕೊಳ್ಳಬೇಕು, ಅದು ಅವರ ಲೆಕ್ಕಾಚಾರ.

ಒಂದು ಸಂಜೆ ಬೀದಿಯಲ್ಲಿ ಫೇಗಾಳನ್ನು ಸೀಸೆಯ ಸಮೇತ ಹಿಡಿದರು. ಅವಳು ಯಾರ ಹೆಸರನ್ನೂ ಹೇಳಲಿಲ್ಲ. ಹೇಳಿದ್ದರೆ ಎಸ್ತೇರ್ ಬದುಕುತ್ತಿರಲಿಲ್ಲ.

ನೀವೇನು ಮಾಡಿದಿರಿ ಎಂದು ಕೇಳಿದೆ.

"ಮರುದಿನ ಕೆಲಸಕ್ಕೆ ಹೋದೆ. ನನ್ನ ಹತ್ತಿರ ಸ್ವಲ್ಪ ಆಸಿಡ್ ಉಳಿದಿತ್ತು. ಮುಗಿಯೋವರೆಗೂ ಸವರಿದೆ."

ಕಾರ್ಖಾನೆಯವರನ್ನೂ ಹಿಡಿಯಲು ಶುರುವಾದಾಗ ಸುಳ್ಳು ಹೆಸರಿನಲ್ಲಿ ಹಳ್ಳಿಯೊಂದಕ್ಕೆ ಓಡಿದರು. ಯುದ್ಧ ಮುಗಿದ ಮೇಲೆ ಅವರ ಮನೆಯವರು ಯಾರೂ ಮರಳಲಿಲ್ಲ, ಫೇಗಾ ಕೂಡ. ನ್ಯೂಯಾರ್ಕಿಗೆ ಬಂದು ಜೀವನವಿಡೀ ಹೊಲಿದರು. ಗಂಡ ತೀರಿಕೊಂಡರು, ಯಹೂದಿಗಳ ಯಿಡ್ಡಿಷ್ ಭಾಷೆ ಮಾತಾಡುತ್ತಿದ್ದ ಗೆಳತಿಯರೂ ಒಬ್ಬೊಬ್ಬರಾಗಿ ಹೋದರು. ಮನೆಮಾತು ಕಿವಿಗೆ ಬಿದ್ದು ಎಷ್ಟೋ ಕಾಲವಾಯಿತೆಂದರು. ಆಮೇಲೆ, "ನಿನ್ನ ಭಾಷೆಯಲ್ಲಿ ಏನಾದರೂ ಹೇಳು," ಎಂದರು.

ಅರ್ಥವಾಗುವುದಿಲ್ಲವೆಂಬ ಧೈರ್ಯವೋ ಏನೋ, ಮೈಸೂರಿನಲ್ಲಿರುವ ಅಮ್ಮನಿಗೂ ಹೇಳದಿದ್ದ ಮಾತು ಕನ್ನಡದಲ್ಲಿ ಬಾಯಿಗೆ ಬಂತು. "ಅಜ್ಜಿ, ನಂಗೆ ಮನೆಗೆ ಹೋಗಕ್ಕೇ ಮನಸ್ಸಾಗಲ್ಲ. ಬೀಗ ತೆಗೆದ್ರೆ ಒಳಗೆ ಯಾರೂ ಇರಲ್ಲ."

ಅವರು ಕಣ್ಣು ಮುಚ್ಚಿ ಕೇಳಿದರು. ನಂತರ ಯಿಡ್ಡಿಷಿನಲ್ಲಿ ಬಹಳ ಹೊತ್ತು ಮಾತಾಡಿದರು. ಫೇಗಾ ಎಂಬ ಹೆಸರೊಂದನ್ನು ಬಿಟ್ಟು ನನಗೇನೂ ತಿಳಿಯಲಿಲ್ಲ. ಕೊನೆಗೆ ನನ್ನ ಕೈ ಅದುಮಿ, ಇನ್ನು ಹೊರಡು, ಗಾಳಿ ಏಳುತ್ತದೆ ಎಂದರು.

ಬಸ್ಸು ಹಿಡಿಯದೆ ಸೇತುವೆಯ ಕಾಲುದಾರಿಯಲ್ಲಿ ನಡೆದೆ. ಟ್ರಕ್ಕುಗಳ ಸದ್ದಿಗೆ ಕಬ್ಬಿಣವೆಲ್ಲ ನಡುಗುತ್ತಿತ್ತು. ನಡುವೆ ನಿಂತು ಫೋರ್ಟ್ ಲೀಯ ಕಡೆ ತಿರುಗಿ ನೋಡಿದೆ. ಸೂರ್ಯ ಕಟ್ಟಡಗಳ ಹಿಂದೆ ಇಳಿಯುತ್ತಿದ್ದ. ಈಚೆಯ ಕಿಟಕಿಗಳೆಲ್ಲ ಒಂದೇ ಬೂದು ಬಣ್ಣ. ಅವರ ಮಹಡಿ ಯಾವುದೆಂದು ಎಣಿಸತೊಡಗಿದೆ. ಅರ್ಧದಲ್ಲೇ ಲೆಕ್ಕ ತಪ್ಪಿತು.