ಕೆಂಪಗಾದ ಸಕ್ಕರೆ ಆನೆ

ಮೊನ್ನೆ ಹಿಂದಿನ ಹಜಾರದಲ್ಲಿ ಕೂತು ಕೊಬ್ಬರಿ ಗಿಟುಕಿನ ಬೆನ್ನಿನ ಕಪ್ಪು ಹೆರೆಯುತ್ತಿದ್ದೆ. ಸಂಕ್ರಾಂತಿಯ ಎಳ್ಳಿಗೆ ಕೊಬ್ಬರಿ ಬೆಳ್ಳಗೆ ಕಾಣಬೇಕು, ಸ್ವಲ್ಪ ಕಪ್ಪು ಉಳಿದರೂ ಬೀದಿಯವರು ತಟ್ಟೆ ತಗೊಂಡು ಮುಖ ನೋಡುತ್ತಾರೆ. ಚಳಿಗೆ ಬೆರಳು ಮರಗಟ್ಟಿತ್ತು. ಆಗ ಹಾಲಿನ ನಿಂಗಮ್ಮ ಹಿತ್ತಿಲ ಬಾಗಿಲಲ್ಲಿ ಬಂದು ನಿಂತಳು. ಹಳ್ಳಿಮೈಸೂರಿನ ಕಡೆಯವಳು, ನಮ್ಮ ಹೊಳೆನರಸೀಪುರಕ್ಕೆ ಬಂದು ಎಷ್ಟು ವರ್ಷವಾದರೂ ಮಾತು ಮಾತ್ರ ಊರಿನದೇ.

"ಅಮ್ಮಾರೇ, ನಿಮ್ಮ ಪುಟ್ಟತ್ತೆಮ್ಮಾರು ಎದುರ್ಮನೇಲಿ ಸಕ್ಕರೆ ಅಚ್ಚು ಉಯ್ಯಾಕೆ ಕುಂತವ್ರೆ. ಅವ್ರ ಮರದಚ್ಚು ಬೇಕಂತೆ, ಈಸ್ಕಂಡು ಬಾ ಅಂದ್ರು."

"ಎದುರು ಮನೇಲಾ?"

"ಊಂ ಕಣವ್ವಾ. ಬೀದಿಗೆಲ್ಲಾ ಗೊತ್ತು, ನಿಮಗೇ ಗೊತ್ತಿಲ್ವಾ?" ಅಂದಳು. ಅವಳಿಗೆ ಚುಚ್ಚುವ ಉದ್ದೇಶ ಇರಲಿಲ್ಲ. ಇದ್ದಿದ್ದರೆ ನಾನೂ ತಿರುಗಿ ಏನಾದರೂ ಅಂದು ಹಗುರಾಗುತ್ತಿದ್ದೆ.

ಪುಟ್ಟತ್ತೆ ಅಂದರೆ ನಮ್ಮ ಮನೆಯವರ ಸೋದರತ್ತೆ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳಕೊಂಡು ತವರಿಗೆ ಬಂದವರು. ಬರುವಾಗ ಅವರ ಗಂಟಿನಲ್ಲಿ ಇದ್ದದ್ದು ಎರಡು ಸೀರೆ, ಒಂದು ಜಪಮಾಲೆ, ಮತ್ತೆ ಈ ಮರದ ಅಚ್ಚುಗಳು. ಗಿಣಿ, ಬೃಂದಾವನ, ಕಬ್ಬಿನ ಜಲ್ಲೆ, ಆನೆ. ಪ್ರತಿ ಧನುರ್ಮಾಸದಲ್ಲೂ ಅಚ್ಚನ್ನು ನೀರಿನಲ್ಲಿ ನೆನೆಹಾಕಿ, ದಾರದಿಂದ ಬಿಗಿದು, ಪಾಕ ಹುಯ್ದು, ಬಿಚ್ಚಿದಾಗ ಬೆಳ್ಳಗೆ ಹೊಳೆಯುವ ಗಿಣಿಯನ್ನು ಅಂಗೈ ಮೇಲೆ ಕೂರಿಸಿಕೊಂಡು "ಬಾರೆ ನನ್ನ ಕಂದಾ" ಅನ್ನುತ್ತಿದ್ದರು. ಎಳ್ಳು ಬೀರುವ ತಟ್ಟೆ ಅವರ ಕೈಗೆ ಯಾರೂ ಕೊಡುವುದಿಲ್ಲ, ವಿಧವೆಗೆ ಆ ಶಾಸ್ತ್ರವಿಲ್ಲ. ಆದರೆ ನಮ್ಮ ಬೀದಿಯ ತಟ್ಟೆಗಳಲ್ಲಿ ಕೂತ ಗಿಣಿಗಳೆಲ್ಲ ಅವರ ಕೈಯಿಂದಲೇ ಹಾರಿದವು.

ಈ ಎರಡು ವರ್ಷದಿಂದ ಅವರ ಕೈ ನಡುಗುತ್ತದೆ. ಜೊತೆಗೆ ಈ ಯುದ್ಧ. ಸಕ್ಕರೆ ಈಗ ಚೀಟಿ ಹಿಡಿದು ಸಾಲು ನಿಂತರೆ ಸಿಕ್ಕುವ ಪದಾರ್ಥ. ದಸರೆಯಿಂದ ನಾನು ನಮ್ಮ ಮನೆಯವರ ಕಾಫಿಗೆ ಬೆಲ್ಲ ಹಾಕಿ, ಅವರು "ಇದು ಕಾಫಿಯೋ, ಬಾಣಂತಿ ಕಷಾಯವೋ?" ಅಂದರೂ ಕೇಳಿಸದವಳ ಹಾಗಿದ್ದು, ಒಂದು ಡಬ್ಬ ಸಕ್ಕರೆ ಉಳಿಸಿದ್ದೆ. ಪಾಕದ ಹದ ಒಂದು ಕ್ಷಣ ತಪ್ಪಿದರೆ ಅದಷ್ಟೂ ಹೋಯಿತು. ಹಾಗಾಗಿ ಈ ಸಲ ಬಹಳ ಸವಿಯಾಗಿ ಹೇಳಿದೆ: "ಅತ್ತೆ, ನಿಮಗೆ ಒಲೆಯ ಮುಂದೆ ಯಾಕೆ ಕಷ್ಟ? ಬಿಸಿಲಲ್ಲಿ ಕೂತು ಗೆಜ್ಜೆವಸ್ತ್ರ ಮಾಡಿ, ಹೂಬತ್ತಿ ಹೊಸೆಯಿರಿ. ಅಚ್ಚು ನಾನು ಹಾಕ್ತೀನಿ."

ಅವರು "ಆಗಲಿ" ಅಂದರು. ಅಷ್ಟೇ. ನಾನು ಎಷ್ಟು ಒಳ್ಳೆಯ ಸೊಸೆ ಅಂದುಕೊಂಡು ಅವರ ಮುಂದೆ ಹತ್ತಿಯ ಬುಟ್ಟಿ ಇಟ್ಟೆ.

ನೋಡಿ, ಈ ಮಾಗಿಯ ಕೆಲಸಗಳನ್ನು ಯಾರು ಯೋಚನೆ ಮಾಡಿ ಇಟ್ಟರೋ, ಎಲ್ಲ ಮುದುಕರ ಅಳತೆಗೇ ಹೊಲಿದ ಹಾಗಿವೆ. ಎಳ್ಳು ಆರಿಸುವುದು, ಬೆಲ್ಲ ಸಣ್ಣಗೆ ಕತ್ತರಿಸುವುದು, ಹುರಿದ ಕಡಲೆಬೀಜದ ಸಿಪ್ಪೆ ಊದುವುದು, ಹತ್ತಿಯನ್ನು ಎಳೆದು ಗೆಜ್ಜೆ ಗೆಜ್ಜೆಯಾಗಿ ಹೊಸೆದು ಕುಂಕುಮದ ಚುಕ್ಕೆ ಇಡುವುದು. ಎಲ್ಲವೂ ಕೂತಲ್ಲಿ ಆಗುವಂಥವು, ಬೆನ್ನಿಗೆ ಬಿಸಿಲು ಬೀಳುವಂಥವು, ಬಾಯಿಗೆ ಪುರುಸೊತ್ತು ಕೊಡುವಂಥವು. ಧನುರ್ಮಾಸದಲ್ಲಿ ದೇವರಿಗೂ ಚಳಿ ಅಂತ ನಸುಕಿಗೇ ಎದ್ದು ಮೆಣಸು, ಶುಂಠಿ ಹಾಕಿದ ಬಿಸಿ ಹುಗ್ಗಿ ನೈವೇದ್ಯ ಮಾಡುತ್ತೇವೆ. ಕಲ್ಲಿನ ದೇವರಿಗೆ ಚಳಿಯಾದೀತು ಅಂತ ಹೊಳೆಯುವ ನನ್ನ ಬುದ್ಧಿಗೆ, ಹತ್ತಿಯ ಬುಟ್ಟಿ ಮುಂದಿಟ್ಟುಕೊಂಡು ಮಾತಿಗೆ ಯಾರೂ ಇಲ್ಲದೆ ಒಬ್ಬರೇ ಕೂತ ಮುದುಕಿಗೆ ಏನಾದೀತು ಅಂತ ಹೊಳೆಯಲಿಲ್ಲ.

ಮರದ ಅಚ್ಚುಗಳನ್ನು ನಿಂಗಮ್ಮನ ಕೈಗೆ ಕೊಟ್ಟು ಕಳಿಸಬಹುದಿತ್ತು. ಬೀದಿಯವರ ಮುಂದೆ ಮುಖ ಉಳಿಸಿಕೊಳ್ಳಬೇಕಲ್ಲ, ಸೆರಗು ಸರಿಮಾಡಿಕೊಂಡು ನಾನೇ ಹೊರಟೆ. ನಮ್ಮ ಮನೆಯ ಹಿರಿಯರು ಸಕ್ಕರೆಗಾಗಿ ಎದುರು ಮನೆ ಹೊಕ್ಕರು ಅನ್ನುವ ಮಾತು ಸಂಜೆಯೊಳಗೆ ಹೊಳೆ ದಾಟುವುದು ಬೇಡ ಅಂತ.

ಎದುರು ಮನೆಯವರು ನಮಗಿಂತ ಇಲ್ಲದವರು. ಅತ್ತೆ ಲಕ್ಷ್ಮೀದೇವಮ್ಮ, ಸೊಸೆ ಜಯಮ್ಮ. ಲಕ್ಷ್ಮೀದೇವಮ್ಮನಿಗೆ ಒಂದು ಕಣ್ಣು ಮಂಜು. ಅಡಿಗೆಮನೆಯ ಬಾಗಿಲಿಗೆ ಹೋಗುವಾಗ ಒಳಗಿನ ಜಗಳ ಕೇಳಿಸಿತು. ಅಲ್ಲಿಯೂ ಒಂದು ಹಳೇ ಆನೆ ಅಚ್ಚು ಇತ್ತಂತೆ, ಅದರ ದಾರದ ಮೇಲೆ ಜಗಳ.

"ಬಾಲದ ಹತ್ರ ಸಡಿಲ ಬಿಟ್ಟಿದೀಯ ಲಕ್ಷ್ಮಿ."

"ನಿನ್ನ ಕೈ ನಡುಗಿ ನಿಂಗೆ ಹಾಗನ್ನಿಸುತ್ತೆ, ಸುಮ್ಮನಿರೆ."

"ನಿನ್ನ ಕಣ್ಣಿಗೆ ಬಾಲ ಯಾವುದು, ಸೊಂಡಿಲು ಯಾವುದು ಅಂತ ಗೊತ್ತಾದರೆ ತಾನೆ!"

ಅಷ್ಟರಲ್ಲಿ ವಾಸನೆ. ಇಬ್ಬರೂ ಒಟ್ಟಿಗೆ ತಿರುಗಿದರು. ಒಲೆಯ ಮೇಲಿನ ಪಾಕ ಕೆಂಪಗಾಗಿತ್ತು. ಪುಟ್ಟತ್ತೆ ಪಾತ್ರೆಗೆ ಕೈ ಹಾಕುವುದರೊಳಗೆ ಜಯಮ್ಮ ಇಳಿಸಿದಳು. ಆ ಮನೆಯ ಸಂಕ್ರಾಂತಿಯ ಸಕ್ಕರೆ ಅಷ್ಟೇ ಇದ್ದದ್ದು.

ನಾನು ದಿನಾ ದೀಪ ಹಚ್ಚುವಾಗ ಸಣ್ಣಪುಟ್ಟದ್ದಕ್ಕೆಲ್ಲ ದೇವರಿಗೆ ಕೈ ಮುಗಿಯುವವಳು. ಹಾಲು ಒಡೆಯಲಿಲ್ಲ, ನಿನ್ನ ದಯೆ. ಸೌದೆ ಹಸಿಯಿರಲಿಲ್ಲ, ನಿನ್ನ ದಯೆ. ಅಭ್ಯಾಸಬಲ. ಆ ಬಾಗಿಲಲ್ಲಿ ನಿಂತಾಗಲೂ ಮನಸ್ಸು ತನ್ನಷ್ಟಕ್ಕೆ ತಾನೇ ಕೈ ಮುಗಿಯಿತು: ಸದ್ಯ, ನಮ್ಮ ಸಕ್ಕರೆ ಅಲ್ಲ, ನಿನ್ನ ದಯೆ.

ದೇವರ ಹತ್ತಿರ ಕೊಟ್ಟ ನಮಸ್ಕಾರವನ್ನು ವಾಪಸ್ಸು ಇಸಕೊಳ್ಳುವ ಕ್ರಮ ಇದ್ದಿದ್ದರೆ ಅದೊಂದನ್ನು ಇಸಕೊಳ್ಳುತ್ತಿದ್ದೆ.

ಯಾಕೆಂದರೆ ಒಳಗೆ ಜಯಮ್ಮ ಪಾತ್ರೆಯೊಳಗೆ ಇಣುಕಿ, "ಹುಯ್ಯಿರಿ ಅತ್ತೆ, ಗಟ್ಟಿಯಾಗೋದರೊಳಗೆ. ಬಿಳೀ ಆನೆ ಇರೋದು ಇಂದ್ರನ ಮನೇಲಿ. ನಮ್ಮ ಕಡೆ ಆನೆ ಯಾವತ್ತು ಬೆಳ್ಳಗಿತ್ತು?" ಅಂದಳು.

ಮುದುಕಿಯರಿಬ್ಬರೂ ನಕ್ಕರು. ಲಕ್ಷ್ಮೀದೇವಮ್ಮ ಕಣ್ಣಲ್ಲಿ ನೀರು ಬರುವ ಹಾಗೆ, ಪುಟ್ಟತ್ತೆ ಹಲ್ಲಿಲ್ಲದ ಬಾಯಿ ಅಗಲ ತೆರೆದು. ಆ ನಗು ನಮ್ಮ ಮನೆಯಲ್ಲಿ ಕೇಳಿ ಎಷ್ಟು ಕಾಲವಾಯಿತು ಅಂತ ನೆನೆಸಿಕೊಳ್ಳಲು ನೋಡಿದೆ, ಆಗಲಿಲ್ಲ. ಪುಟ್ಟತ್ತೆ ತಲೆಯೆತ್ತಿ ನನ್ನನ್ನು ಕಂಡರು. ಕಂಡ ಕೂಡಲೆ ನಗು ನಿಲ್ಲಿಸಿ, ತಲೆಯ ಮೇಲೆ ಸೆರಗು ಎಳಕೊಂಡು, ನಡುಗುವ ಕೈಯನ್ನು ಮಡಿಲಲ್ಲಿ ಅಡಗಿಸಿದರು.

ಬೀದಿಯವರು ಏನಂದಾರು ಅಂತ ಹೊರಟವಳಿಗೆ ಬೀದಿ ಮರೆತೇ ಹೋಯಿತು. ಮನೆಯ ಯಜಮಾನಿ ಬಂದಳು ಅಂತ ಮುಚ್ಚಿಡುವ ವಸ್ತುವಾಗಿತ್ತು ಆ ನಗು.

ಅಚ್ಚುಗಳನ್ನು ಅಲ್ಲೇ ಇಟ್ಟು, "ಇನ್ನೊಂದು ಪಾಕಕ್ಕೆ ಇಡಿ, ಸಕ್ಕರೆ ತರ್ತೀನಿ" ಅಂದು ಮನೆಗೆ ಓಡಿದೆ. ಡಬ್ಬ ಹಾಗೇ ಎತ್ತಿಕೊಂಡು ಹೋದೆ ಅಂತ ಬರೆದರೆ ಓದಲಿಕ್ಕೆ ಚೆನ್ನಾಗಿರುತ್ತದೆ. ಉಗ್ರಾಣದಲ್ಲಿ ನಿಂತು ಅರ್ಧ ಬೇರೆ ಪಾತ್ರೆಗೆ ಬಗ್ಗಿಸಿದೆ. ಹೊಸ್ತಿಲ ತನಕ ಹೋಗಿ, ತಿರುಗಿ ಬಂದು, ಇನ್ನೆರಡು ಹಿಡಿ ಸೇರಿಸಿದೆ. ನನ್ನ ಔದಾರ್ಯ ನಡೆದ ದೂರ ಅಷ್ಟು.

ಪುಟ್ಟತ್ತೆ ನಾನು ತಂದ ಪಾತ್ರೆಯನ್ನು ನೋಡಿ, "ಹತ್ತಿ ಹೊಸೆಯೋದು ಇನ್ನೂ ಇದೆಯಲ್ಲೇ, ನಿಮ್ಮನೇಲಿ?" ಅಂದರು.

ನಮ್ಮನೇಲಿ ಅನ್ನಲಿಲ್ಲ.

"ಅದು ನಾನು ಹೊಸೀತೀನಿ ಅತ್ತೆ. ಇದು ನಿಮ್ಮ ಕೈಯಲ್ಲೇ ಆಗಲಿ."

"ಸೀದು ಹೋದರೆ?"

"ಹೋಗಲಿ."

ಬಾಯಿಂದ ಬಂದದ್ದು ನಿಜವೋ ಅಂತ ನನ್ನ ಮುಖವನ್ನೇ ನೋಡಿದರು. ಆಮೇಲೆ ಮೆಲ್ಲಗೆ, "ಹಾಕ್ತೀನಿ ಕಣೆ. ಆದ್ರೆ ನೀನು ಮನೇಗೆ ಹೋಗು. ನೀನು ನೋಡ್ತಾ ನಿಂತರೆ ಕೈ ಇನ್ನೂ ನಡುಗತ್ತೆ" ಅಂದರು.

ಬಂದುಬಿಟ್ಟೆ. ಬರುವಾಗ ಜಯಮ್ಮ ಹಿಂದಿನಿಂದ ಕೂಗಿ ಒಂದು ಆನೆಯನ್ನು ಎಲೆಯಲ್ಲಿಟ್ಟು ಕೊಟ್ಟಳು. ಬೆಲ್ಲದ ಬಣ್ಣ, ಬಾಲ ಇರಲಿಲ್ಲ. ಅದನ್ನು ದೇವರ ಮುಂದೆ, ಪುಟ್ಟತ್ತೆ ಒಬ್ಬರೇ ಕೂತು ಮಾಡಿಟ್ಟಿದ್ದ ಗೆಜ್ಜೆವಸ್ತ್ರದ ಪಕ್ಕದಲ್ಲಿ ಇಟ್ಟೆ. ಕೈ ಮುಗಿದೆ, ಆದರೆ ಏನು ಹೇಳಬೇಕೋ ತೋಚಲಿಲ್ಲ.

ಹಜಾರದಲ್ಲಿ ಬಿಸಿಲು ಸರಿದುಹೋಗಿತ್ತು. ಎದುರು ಮನೆಯಿಂದ ಮತ್ತೆ ಜಗಳ ಕೇಳಿಸಿತು, ಅದರ ಹಿಂದೆಯೇ ನಗು. ಜೊತೆಗೆ ಸೀದ ವಾಸನೆಯೂ ಬಂದ ಹಾಗಾಯಿತು. ಮೊದಲಿನದೋ, ನಮ್ಮ ಸಕ್ಕರೆಯದೋ, ಎದ್ದು ನೋಡಲಿಲ್ಲ. ಉಳಿದ ಗಿಟುಕನ್ನು ಎಳೆದುಕೊಂಡು ಕಪ್ಪು ಹೆರೆಯತೊಡಗಿದೆ.